ಸುದ್ದಿಯಿಂದ ‘ಅಂತೆ’ ಕಳಚುವ ಮೊದಲು

ಪ್ರಶ್ನೆ: ನಾನು ವಾಸಿಸುವ ಪ್ರದೇಶದ ಆಗುಹೋಗುಗಳು ಈಗ ನನಗೆ ತಿಳಿಯುವುದು ಹೆಚ್ಚಾಗಿ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಂದ ಮತ್ತು ಫೇಸ್‌ಬುಕ್‌ನಿಂದ. ಇತ್ತೀಚೆಗೆ ‘ನಲ್ಲಿ ನೀರು ಕಲುಷಿತವಾಗಿದೆ, ಇಂದು ಯಾರೂ ಕುಡಿಯಬೇಡಿ’ ಎಂಬ ಸಂದೇಶ ಫೋಟೊ ಸಮೇತ ಬಂದಾಗ ಅದನ್ನು ನಾಲ್ಕು ಗ್ರೂಪ್‌ಗಳಿಗೆ ಕಳುಹಿಸಿದೆ. ಅದು ಬೇರೆ ಯಾವುದೋ ಊರಿನ ಹಳೆಯ ಸುದ್ದಿ ಎಂದು ಮರುದಿನ ಗೊತ್ತಾಗಿ ನಾಚಿಕೆಯಾಯಿತು. ನಮ್ಮ ಸುತ್ತಲಿನ ಸುದ್ದಿಯನ್ನು ಅಂತರ್ಜಾಲದಲ್ಲಿ ಎಲ್ಲಿಂದ ಪಡೆಯಬೇಕು? ಹಂಚಿಕೊಳ್ಳುವಾಗ ಏನನ್ನು ಗಮನಿಸಬೇಕು?

ಉತ್ತರ: ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ, ಎರಡರ ಬುಡವೂ ಒಂದೇ. ಸುದ್ದಿಯೊಂದು ಯಾರ ಕಣ್ಣಿನಿಂದ ಅಥವಾ ಯಾರ ದಾಖಲೆಯಿಂದ ಹೊರಟಿತು ಎಂದು ಕೇಳುವ ಅಭ್ಯಾಸವಿರುವವರಿಗೆ ಅದನ್ನು ಹುಡುಕುವ ದಾರಿಯೂ ಸಿಗುತ್ತದೆ, ಹಂಚುವ ರೀತಿಯೂ ತಿಳಿಯುತ್ತದೆ. ಸ್ಥಳೀಯ ಸುದ್ದಿಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಸುಲಭ ಕೂಡ. ದೂರದ ಯುದ್ಧದ ಸುದ್ದಿಯ ಮೂಲಕ್ಕೆ ನಾವು ಹೋಗಲಾರೆವು. ಮುಂದಿನ ಬೀದಿಯ ಸುದ್ದಿಯ ಮೂಲವನ್ನು ಹತ್ತು ನಿಮಿಷ ನಡೆದೋ ಒಂದು ಫೋನ್ ಕರೆ ಮಾಡಿಯೋ ತಲುಪಬಹುದು. ಮೂಲ ಇಷ್ಟು ಹತ್ತಿರದಲ್ಲಿದ್ದರೂ ನಾವು ಕೈಯಲ್ಲಿರುವ ಪರದೆಯನ್ನೇ ನಂಬಿ ಕೂರುತ್ತೇವೆ ಎಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ.

ನಿಮಗೆ ಬಂದ ಸಂದೇಶದಿಂದಲೇ ಆರಂಭಿಸೋಣ. ಅದನ್ನು ಯಾರೋ ಕುಳಿತು ಕಟ್ಟಿದ ಸುಳ್ಳು ಎಂದುಕೊಳ್ಳಬೇಕಾಗಿಲ್ಲ. ಎಂದೋ ಒಂದು ದಿನ, ಎಲ್ಲೋ ಒಂದು ಊರಿನಲ್ಲಿ ನೀರು ನಿಜವಾಗಿಯೂ ಕೆಟ್ಟಿರಬಹುದು, ಅಲ್ಲಿನವರು ನಿಜವಾದ ಕಳಕಳಿಯಿಂದಲೇ ಎಚ್ಚರಿಸಿರಬಹುದು. ನಾನು ಕಂಡಂತೆ, ಸ್ಥಳೀಯ ಸುದ್ದಿಯ ಹೆಸರಿನಲ್ಲಿ ಹರಿದಾಡುವ ತಪ್ಪು ಸುದ್ದಿಗಳಲ್ಲಿ ಬಹುಪಾಲು ಹೀಗೆ ದಿನಾಂಕವನ್ನೂ ಊರಿನ ಹೆಸರನ್ನೂ ಕಳೆದುಕೊಂಡ ನಿಜಗಳು. ‘ಇಂದು’ ಎಂಬ ಪದವನ್ನು ಗಮನಿಸಿ. ಬರೆದವನಿಗೆ ಅದು ಒಂದು ನಿರ್ದಿಷ್ಟ ದಿನ. ಮೂರು ವರ್ಷಗಳ ನಂತರ ಓದುವವನಿಗೂ ಅದು ‘ಇಂದು’ ಆಗಿಯೇ ಉಳಿಯುತ್ತದೆ. ‘ನಮ್ಮ ಏರಿಯಾ’ ಎಂಬುದೂ ಅಷ್ಟೇ. ಓದುವವನು ಎಲ್ಲಿದ್ದರೆ ಅದೇ ಅವನ ಏರಿಯಾ.

ಚಿತ್ರಗಳಿಗೂ ಇದೇ ಗತಿ. ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಸಣ್ಣ ದೋಣಿಯೊಂದರ ಹಿಂದೆ ಬಿಳಿ ಶಾರ್ಕ್ ಬರುತ್ತಿರುವ ಫೋಟೊ 2005ರಲ್ಲಿ ಪ್ರಕಟವಾಯಿತು. ಅದರಿಂದ ಶಾರ್ಕನ್ನು ಮಾತ್ರ ಕತ್ತರಿಸಿ, ನೀರು ತುಂಬಿದ ರಸ್ತೆಯ ಚಿತ್ರಕ್ಕೆ ಅಂಟಿಸಿ, 2011ರ ಐರೀನ್ ಚಂಡಮಾರುತದ ವೇಳೆ ಪೋರ್ಟೊ ರಿಕೊದ ಬೀದಿಯೆಂದು ಹಂಚಿದರು. 2017ರ ಹಾರ್ವಿ ಚಂಡಮಾರುತದಲ್ಲಿ ಅದೇ ಶಾರ್ಕ್ ಹ್ಯೂಸ್ಟನ್‌ನ ಹೆದ್ದಾರಿಗೆ ಬಂತು. ಕಥೆ ಇಲ್ಲಿಗೆ ಮುಗಿದಿದ್ದರೆ ‘ಪ್ರವಾಹದಲ್ಲಿ ಶಾರ್ಕ್ ಕಂಡರೆ ನಂಬಬೇಡಿ’ ಎಂದು ಹೇಳಿಬಿಡಬಹುದಿತ್ತು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿದಾಗ, ಫೋರ್ಟ್ ಮೈಯರ್ಸ್‌ನಲ್ಲಿ ನೀರು ನುಗ್ಗಿದ್ದ ಮನೆಯ ಹಿತ್ತಲಿನಲ್ಲಿ ಶಾರ್ಕ್‌ನಂಥ ದೊಡ್ಡ ಮೀನೊಂದು ಈಜುತ್ತಿರುವ ವಿಡಿಯೊ ಬಂತು. ಹಳೆಯ ಸುಳ್ಳೇ ಮತ್ತೆ ಬಂದಿದೆ ಎಂದು ಅನೇಕರು ತಳ್ಳಿಹಾಕಿದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಚಿತ್ರೀಕರಿಸಿದವರಿಂದ ಮೂಲ ವಿಡಿಯೊವನ್ನೇ ಪಡೆದು, ಫೈಲಿನೊಳಗೆ ದಾಖಲಾಗಿದ್ದ ಸಮಯವನ್ನು ಪರಿಶೀಲಿಸಿ, ಅದು ನಿಜವೆಂದು ದೃಢಪಡಿಸಿತು. ಎಲ್ಲವನ್ನೂ ನಂಬುವುದು ಹೇಗೆ ತಪ್ಪೋ ಏನನ್ನೂ ನಂಬದಿರುವುದೂ ಹಾಗೆಯೇ ತಪ್ಪು. ಎರಡರಲ್ಲೂ ಪರಿಶೀಲನೆಯ ಶ್ರಮ ತಪ್ಪುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯ ತಿರುಳು ‘ಪ್ರಮಾಣಿಸು’ ಎಂಬ ಮಾತಿನಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಫೋಟೊ ಕಳುಹಿಸಿದರೆ ತೆಗೆದ ಸಮಯ, ಸ್ಥಳ ಮುಂತಾದ ಒಳವಿವರಗಳು ಅಳಿಸಿಹೋಗುತ್ತವೆ. ಆದ್ದರಿಂದ ಕೈ ಬದಲಾಯಿಸುತ್ತ ಬಂದ ಚಿತ್ರವನ್ನು ಎಷ್ಟು ದಿಟ್ಟಿಸಿದರೂ ಹೆಚ್ಚೇನೂ ತಿಳಿಯದು. ತೆಗೆದವರು ಯಾರೆಂದು ಕೇಳುತ್ತ ಹಿಂದಕ್ಕೆ ಹೋಗಬೇಕು.

ಈ ವಿಷಯದಲ್ಲಿ ಕನ್ನಡ ನಮಗೆ ಒಂದು ಉತ್ತಮ ಸಾಧನವನ್ನು ಕೊಟ್ಟಿದೆ. ‘ಸೇತುವೆ ಮುಚ್ಚಿದ್ದಾರೆ’ ಎಂದರೆ ಹೇಳುವವರು ಆ ಮಾತಿಗೆ ತಾವೇ ಹೊಣೆಯಾಗುತ್ತಾರೆ. ‘ಸೇತುವೆ ಮುಚ್ಚಿದ್ದಾರಂತೆ’ ಎಂದರೆ ಇನ್ನೊಬ್ಬರ ಮಾತನ್ನು ತಲುಪಿಸುತ್ತಿದ್ದೇನೆ ಎಂದು ಒಪ್ಪಿಕೊಳ್ಳುತ್ತಾರೆ. ಬಾಯಿಂದ ಬಾಯಿಗೆ ಸುದ್ದಿ ಸಾಗುತ್ತಿದ್ದ ಕಾಲದಲ್ಲಿ, ಕೇಳಿದ್ದನ್ನು ದಾಟಿಸುವಾಗ ಈ ‘ಅಂತೆ’ ತಾನಾಗಿಯೇ ಸೇರಿಕೊಳ್ಳುತ್ತಿತ್ತು, ಏಕೆಂದರೆ ಮಾತನ್ನು ನಮ್ಮ ಬಾಯಿಂದ ಹೊಸದಾಗಿ ಆಡಬೇಕಿತ್ತು. ಫಾರ್ವರ್ಡ್ ಗುಂಡಿ ಒತ್ತುವಾಗ ಹಾಗಾಗುವುದಿಲ್ಲ. ‘ನಾನೇ ಕಣ್ಣಾರೆ ಕಂಡೆ’ ಎಂದು ಮೊದಲ ವ್ಯಕ್ತಿ ಬರೆದದ್ದು ಹತ್ತನೆಯವರ ಹೆಸರಿನಲ್ಲಿಯೂ ‘ನಾನೇ ಕಣ್ಣಾರೆ ಕಂಡೆ’ ಎಂದೇ ಹೋಗುತ್ತದೆ. ಪರಿಚಿತರ ಹೆಸರಿನ ಕೆಳಗೆ ಆ ವಾಕ್ಯವನ್ನು ಓದಿದವರು ಅವರೇ ಕಂಡರೆಂದು ತಿಳಿದರೆ ತಪ್ಪು ಅವರದಲ್ಲ. ವಾಟ್ಸ್‌ಆ್ಯಪ್ 2018ರಲ್ಲಿ ಇಂಥ ಸಂದೇಶಗಳ ಮೇಲೆ ‘ಫಾರ್ವರ್ಡ್ ಮಾಡಲಾಗಿದೆ’ ಎಂಬ ಗುರುತನ್ನು ತೋರಿಸತೊಡಗಿತು. ಅದನ್ನು ಯಂತ್ರವು ಅಂಟಿಸಿದ ‘ಅಂತೆ’ ಎಂದು ತಿಳಿಯಬಹುದು. ಯಾರಾದರೂ ಸಂದೇಶವನ್ನು ನಕಲು ಮಾಡಿ ಹೊಸದಾಗಿ ಅಂಟಿಸಿದರೆ ಆ ಗುರುತೂ ಕಳಚಿ ಬೀಳುತ್ತದೆ.

ಐದು ಅಥವಾ ಹೆಚ್ಚು ಕೈಗಳನ್ನು ದಾಟಿ ಬಂದ ಸಂದೇಶಕ್ಕೆ ಅಲ್ಲಿ ಜೋಡಿ ಬಾಣದ ಗುರುತು ಬೀಳುತ್ತದೆ. ಸ್ಥಳೀಯ ಸುದ್ದಿಯ ವಿಷಯದಲ್ಲಿ ಇದು ತುಂಬ ಉಪಯುಕ್ತವಾದ ಸುಳಿವು. ‘ಈಗಷ್ಟೇ ನಮ್ಮ ಬೀದಿಯಲ್ಲಿ’ ಎನ್ನುವ ಸಂದೇಶ ನಿಜವಾಗಿಯೂ ನಿಮ್ಮ ಬೀದಿಯದಾಗಿದ್ದರೆ ಅದು ಕಂಡವರಿಂದ ಒಂದೆರಡು ಹೆಜ್ಜೆಯಲ್ಲಿ ನಿಮ್ಮನ್ನು ತಲುಪಬೇಕಿತ್ತು. ಅದರ ಮೇಲೆ ಜೋಡಿ ಬಾಣವಿದ್ದರೆ ಹೇಳಿಕೆಗೂ ಅದು ಬಂದ ದಾರಿಗೂ ತಾಳೆಯಾಗುವುದಿಲ್ಲ. ನಿಮ್ಮ ನೀರಿನ ಸಂದೇಶ ಇನ್ನೂ ಉಳಿದಿದ್ದರೆ ತೆರೆದು ನೋಡಿ. ಆ ಗುರುತು ಅಲ್ಲಿಯೇ ಇದ್ದಿರಬಹುದು.

ಈಗ ಹುಡುಕುವ ವಿಚಾರಕ್ಕೆ ಬರುತ್ತೇನೆ. ಸಾಮಾಜಿಕ ಜಾಲತಾಣವನ್ನು ತೆರೆದಾಗ ಕಣ್ಣಿಗೆ ಬೀಳುವುದನ್ನು ‘ನನ್ನ ಊರಿನ ಸುದ್ದಿ’ ಎಂದುಕೊಳ್ಳುವುದು ಅಪಾಯಕರ. ಅಲ್ಲಿ ಏನು ಕಾಣಬೇಕು ಎಂಬುದನ್ನು ನಿರ್ಧರಿಸುವವರು ನೀವೂ ಅಲ್ಲ, ವರದಿಗಾರರೂ ಅಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ ಸ್ನೇಹಿತರ ಮತ್ತು ಕುಟುಂಬದವರ ಪೋಸ್ಟ್‌ಗಳಿಗೆ ಹೆಚ್ಚಿನ ಆದ್ಯತೆ ಕೊಡಲು ತೀರ್ಮಾನಿಸಿ ಸುದ್ದಿಸಂಸ್ಥೆಗಳ ಪುಟಗಳನ್ನು ಹಿಂದಕ್ಕೆ ಸರಿಸಿತು. ಅದೇ ತಿಂಗಳ ಕೊನೆಗೆ ಸ್ಥಳೀಯ ಸುದ್ದಿಯನ್ನು ಹೆಚ್ಚು ತೋರಿಸುವುದಾಗಿಯೂ ಹೇಳಿತು. 2021ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯದಲ್ಲಿ, ಇಂಥ ಕಂಪನಿಗಳು ಸುದ್ದಿಸಂಸ್ಥೆಗಳಿಗೆ ಸುದ್ದಿಗಾಗಿ ಹಣ ಕೊಡಬೇಕೆಂಬ ಕಾನೂನಿನ ಕುರಿತ ಜಟಾಪಟಿಯ ನಡುವೆ, ಅದೇ ಕಂಪನಿ ಸುದ್ದಿಯನ್ನು ಕೆಲವು ದಿನ ಪೂರ್ತಿಯಾಗಿ ತಡೆದಾಗ ಆರೋಗ್ಯ ಇಲಾಖೆಗಳ ಮತ್ತು ತುರ್ತುಸೇವೆಗಳ ಪುಟಗಳೂ ಖಾಲಿಯಾದವು. ಕೆನಡದಲ್ಲಿ 2023ರ ಜೂನ್‌ನಲ್ಲಿ ಅಂಥದೇ ಕಾನೂನು ಬಂದ ಬಳಿಕ ಆಗಸ್ಟ್‌ನಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡರಲ್ಲೂ ಸುದ್ದಿಯ ಲಿಂಕ್‌ಗಳು ನಿಂತವು.

ಅದೇ ತಿಂಗಳಿನಲ್ಲಿ ಅಲ್ಲಿನ ಯೆಲ್ಲೋನೈಫ್ ನಗರವನ್ನು ಕಾಳ್ಗಿಚ್ಚು ಸಮೀಪಿಸಿ, ಸುಮಾರು 20,000 ನಿವಾಸಿಗಳು ಊರು ಬಿಡಬೇಕಾಯಿತು. ಯಾವ ರಸ್ತೆ ತೆರೆದಿದೆ, ಎಲ್ಲಿಗೆ ಹೋಗಬೇಕು ಎಂಬ ಸುದ್ದಿಯನ್ನು ಹಂಚಲು ಲಿಂಕ್ ಕೆಲಸ ಮಾಡದಿದ್ದಾಗ ಜನರು ಕ್ಯಾಬಿನ್ ರೇಡಿಯೊದಂಥ ಸ್ಥಳೀಯ ಸುದ್ದಿತಾಣಗಳ ಸ್ಕ್ರೀನ್‌ಶಾಟ್‌ಗಳನ್ನು ಕಳುಹಿಸತೊಡಗಿದರು. ಅವರ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ, ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಆದರೆ ಸ್ಕ್ರೀನ್‌ಶಾಟ್‌ಗೆ ಒಂದು ದೋಷವಿದೆ: ಅದು ತೆಗೆದ ಗಳಿಗೆಯಲ್ಲಿಯೇ ನಿಂತುಬಿಡುತ್ತದೆ. ಮೂಲ ಪುಟದಲ್ಲಿ ‘ಆ ರಸ್ತೆ ಈಗ ಮುಚ್ಚಿದೆ’ ಎಂದು ತಿದ್ದಿದರೂ ಸ್ಕ್ರೀನ್‌ಶಾಟ್‌ನಲ್ಲಿ ರಸ್ತೆ ತೆರೆದೇ ಇರುತ್ತದೆ. ಲಿಂಕ್ ಕಳುಹಿಸಲು ಸಾಧ್ಯವಿರುವ ಕಡೆಗಳಲ್ಲಿಯೂ ನಾವು ಸ್ಕ್ರೀನ್‌ಶಾಟ್ ಕಳುಹಿಸುವ ಚಾಳಿಯನ್ನು ಬಿಡಬೇಕು. ಅದನ್ನೇ ಕಳುಹಿಸಬೇಕಾಗಿ ಬಂದರೆ ದಿನಾಂಕ, ಸಮಯ, ತಾಣದ ಹೆಸರು ಮೂರೂ ಚಿತ್ರದೊಳಗೆ ಕಾಣುವಂತಿರಲಿ.

ಹಾಗಾಗಿ ನನ್ನ ಮೊದಲ ಸಲಹೆ, ಮಧ್ಯವರ್ತಿಯಿಲ್ಲದೆ ನೇರವಾಗಿ ಮೂಲಕ್ಕೆ ಹೋಗುವ ದಾರಿಯನ್ನು ಶಾಂತ ದಿನಗಳಲ್ಲಿಯೇ ಸಿದ್ಧಮಾಡಿಟ್ಟುಕೊಳ್ಳಿ. ನಿಮ್ಮ ಸ್ಥಳೀಯ ಆಡಳಿತ, ನೀರು ಮತ್ತು ವಿದ್ಯುತ್ ಪೂರೈಸುವ ಸಂಸ್ಥೆ, ಹವಾಮಾನ ಇಲಾಖೆ, ಪೊಲೀಸ್, ಹತ್ತಿರದ ಆಸ್ಪತ್ರೆ ಇವುಗಳ ಅಧಿಕೃತ ಪುಟಗಳನ್ನೂ ದೂರವಾಣಿ ಸಂಖ್ಯೆಗಳನ್ನೂ ಒಂದು ಕಡೆ ಬರೆದಿಡಿ. ಪ್ರದೇಶದ ಸುದ್ದಿ ಕೊಡುವ ಪತ್ರಿಕೆ ಅಥವಾ ತಾಣ ಇಮೇಲ್ ಸುದ್ದಿಪತ್ರವನ್ನೋ ಚಾನೆಲನ್ನೋ ನಡೆಸುತ್ತಿದ್ದರೆ ಚಂದಾದಾರರಾಗಿ. ಗೂಗಲ್ ಅಲರ್ಟ್ಸ್‌ನಲ್ಲಿ ನಿಮ್ಮ ಬಡಾವಣೆಯ, ರಸ್ತೆಯ, ಕೆರೆಯ ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಹೊಸ ಪುಟ ಸಿಕ್ಕಾಗ ಇಮೇಲ್ ಬರುತ್ತದೆ. ಹೆಸರನ್ನು ಬಳಕೆಯಲ್ಲಿರುವ ಎಲ್ಲ ಕಾಗುಣಿತಗಳಲ್ಲಿ, ಎಲ್ಲ ಲಿಪಿಗಳಲ್ಲಿ ಕೊಡುವುದನ್ನು ಮರೆಯಬೇಡಿ; ಅದೇ ಹೆಸರಿನ ಇನ್ನೊಂದು ಊರು ಇದ್ದರೆ ಜಿಲ್ಲೆಯ ಹೆಸರನ್ನೂ ಸೇರಿಸಿ.

ಇವೆಲ್ಲಕ್ಕಿಂತ ಮಿಗಿಲಾದ, ಆದರೆ ಬಹಳ ಕಡಿಮೆ ಜನ ಓದುವ ಸುದ್ದಿಮೂಲವೊಂದಿದೆ: ಸ್ಥಳೀಯ ಆಡಳಿತದ ಸಭೆಗಳ ಕಾರ್ಯಸೂಚಿ ಮತ್ತು ನಡವಳಿ. ಅವನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ಆಡಳಿತಗಳು ಅನೇಕ. ರಸ್ತೆ ಅಗೆಯುವುದು, ಮರ ಕಡಿಯುವುದು, ಹೊಸ ಕಟ್ಟಡಕ್ಕೆ ಅನುಮತಿ, ಟೆಂಡರ್, ಶುಲ್ಕ ಏರಿಕೆ ಮೊದಲಾದವು ಬೀದಿಯಲ್ಲಿ ಕಾಣಿಸಿಕೊಳ್ಳುವ ಮುಂಚೆ ಅಲ್ಲಿ ಒಂದು ಸಾಲಾಗಿ ಕಾಣಿಸಿಕೊಳ್ಳುತ್ತವೆ. ಭಾಷೆ ಒಣಕಲಾಗಿರುತ್ತದೆ, ನಿಜ. ಆದರೂ ತಿಂಗಳಿಗೊಮ್ಮೆ ಅರ್ಧ ಗಂಟೆ ಕೊಟ್ಟು ಕಾರ್ಯಸೂಚಿಯನ್ನು ಓದಿ, ತಮ್ಮ ಪ್ರದೇಶಕ್ಕೆ ಸಂಬಂಧಿಸಿದ ಎರಡು ಮೂರು ಸಾಲುಗಳನ್ನು ಸರಳ ಮಾತಿನಲ್ಲಿ, ಮೂಲದ ಲಿಂಕ್ ಸಹಿತ ಗ್ರೂಪ್‌ಗೆ ಹಾಕುವ ಒಬ್ಬರಿದ್ದರೆ ಆ ಗ್ರೂಪ್‌ನ ಗುಣವೇ ಬದಲಾಗುತ್ತದೆ. ಮರ ಕಡಿದ ಮೇಲೆ ಹಂಚುವ ಫೋಟೊಗಿಂತ ಕಡಿಯುವ ಪ್ರಸ್ತಾವದ ಲಿಂಕ್ ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮ ಗ್ರೂಪ್‌ನಲ್ಲಿ ಆ ಒಬ್ಬರು ನೀವೇ ಆಗಿ ಎಂದು ಕೇಳಿಕೊಳ್ಳುತ್ತೇನೆ.

ಅಧಿಕೃತ ಮೂಲವೆಂದರೆ ಅಂತಿಮ ಸತ್ಯ ಎಂದು ನಾನು ಹೇಳುತ್ತಿಲ್ಲ. ಇಲಾಖೆಗಳು ತಡವಾಗಿ ಮಾತಾಡುತ್ತವೆ, ತಮಗೆ ಮುಜುಗರವಾಗುವುದನ್ನು ಮೆತ್ತಗೆ ಹೇಳುತ್ತವೆ. ಅದಕ್ಕಾಗಿಯೇ ಪ್ರಶ್ನೆ ಕೇಳುವ ಕೆಲಸವನ್ನೇ ವೃತ್ತಿಯಾಗಿಸಿಕೊಂಡ ವರದಿಗಾರರು ಬೇಕು, ಅವರಿಗೆ ಸಂಬಳ ಬೇಕು. ಅಮೆರಿಕದಲ್ಲಿ 2005ರ ನಂತರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪತ್ರಿಕೆಗಳು ಮುಚ್ಚಿವೆ ಎಂದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೆಡಿಲ್ ಪತ್ರಿಕೋದ್ಯಮ ಶಾಲೆ ಲೆಕ್ಕ ಹಾಕಿದೆ. ಸ್ಥಳೀಯ ಸುದ್ದಿಸಂಸ್ಥೆಯೇ ಇಲ್ಲದ ಇನ್ನೂರಕ್ಕೂ ಹೆಚ್ಚು ಕೌಂಟಿಗಳು (ನಮ್ಮ ಜಿಲ್ಲೆಗಳಂಥ ಆಡಳಿತ ಪ್ರದೇಶಗಳು) ಅಲ್ಲಿವೆ. ಅದೇ ದೇಶದಲ್ಲಿ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಸ್ಥಳೀಯ ಸುದ್ದಿಸಂಸ್ಥೆಗಳು ಆರ್ಥಿಕವಾಗಿ ಚೆನ್ನಾಗಿವೆ ಎಂದು ಭಾವಿಸುವ ವಯಸ್ಕರು ಶೇಕಡ 63. ಹಿಂದಿನ ಒಂದು ವರ್ಷದಲ್ಲಿ ಸ್ಥಳೀಯ ಸುದ್ದಿಗಾಗಿ ಹಣ ಕೊಟ್ಟವರು ಶೇಕಡ 15 ಮಾತ್ರ. ಉಚಿತವಾಗಿ ಫಾರ್ವರ್ಡ್ ಆಗುವ ಸುದ್ದಿಯ ಹಿಂದೆ ಎಲ್ಲೋ ಒಬ್ಬ ವರದಿಗಾರನ ದಿನದ ಕೂಲಿ ಇರುತ್ತದೆ ಎಂಬುದು ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಕಣ್ಮರೆಯಾಗಿದೆ.

ಪತ್ರಿಕೆಯ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡು, ವಿಳಾಸವಾಗಲಿ ಸಂಪಾದಕರ ಹೆಸರಾಗಲಿ ಇಲ್ಲದೆ ನಡೆಯುವ ತಾಣಗಳ ಬಗ್ಗೆ ಒಂದು ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳು ಅಪರಿಚಿತ ತಾಣವನ್ನು ಹೇಗೆ ಅಳೆಯುತ್ತಾರೆಂದು ಗಮನಿಸಿದರು. ಓದಿನಲ್ಲಿ ನುರಿತ ಇತಿಹಾಸಕಾರರೂ ವಿದ್ಯಾರ್ಥಿಗಳೂ ಪುಟದೊಳಗೇ ಉಳಿದು, ಅದರ ವಿನ್ಯಾಸವನ್ನೂ ಅದು ತನ್ನ ಬಗ್ಗೆ ಹೇಳಿಕೊಂಡದ್ದನ್ನೂ ನಂಬಿ ಅನೇಕ ಬಾರಿ ಮೋಸಹೋದರು. ಸತ್ಯಶೋಧಕರು ಕೂಡಲೇ ಆ ಪುಟವನ್ನು ಬಿಟ್ಟು, ಹೊಸ ಕಿಟಕಿ ತೆರೆದು, ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿದರು. ನೀವೂ ಹಾಗೆ ಮಾಡಿ.

ಇಷ್ಟು ಹೇಳಿದ ಮಾತ್ರಕ್ಕೆ ಗ್ರೂಪ್‌ಗಳು ಬೇಡವೆಂದಲ್ಲ. ಯಾವ ವರದಿಗಾರನೂ ತಲುಪದ ಗಳಿಗೆಯಲ್ಲಿ ಅಲ್ಲಿರುವವರು ನಿವಾಸಿಗಳೇ. ಕೆನ್ಯಾದಲ್ಲಿ 2007ರ ಕೊನೆಯ ಚುನಾವಣೆಯ ನಂತರ ಹಿಂಸಾಚಾರ ಭುಗಿಲೆದ್ದಾಗ, ಜನರು ಎಸ್‌ಎಂಎಸ್ ಮತ್ತು ಇಮೇಲ್ ಮೂಲಕ ಕಳುಹಿಸಿದ ಮಾಹಿತಿಯನ್ನು ನಕ್ಷೆಯ ಮೇಲೆ ಗುರುತಿಸುವ ‘ಉಷಾಹಿದಿ’ ಎಂಬ ತಾಣ 2008ರ ಆರಂಭದಲ್ಲಿ ಹುಟ್ಟಿತು. ಸ್ವಾಹಿಲಿ ಭಾಷೆಯಲ್ಲಿ ಆ ಪದಕ್ಕೆ ಸಾಕ್ಷ್ಯ ಎಂದು ಅರ್ಥ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಭೂಕಂಪವಾದಾಗ ‘ನಿಮಗೆ ಅನುಭವವಾಯಿತೆ?’ ಎಂದು ಜನರನ್ನೇ ಕೇಳಿ, ಬಂದ ಉತ್ತರಗಳಿಂದ ಕಂಪನದ ತೀವ್ರತೆಯ ನಕ್ಷೆ ಬಿಡಿಸುತ್ತದೆ. ಎರಡೂ ಕಡೆ ಜನರಿಂದ ಮುಖ್ಯವಾಗಿ ಕೇಳುವುದು ಎಲ್ಲಿ, ಯಾವಾಗ, ಏನಾಯಿತು ಎಂಬುದನ್ನು. ಸಾಮಾನ್ಯ ಮನುಷ್ಯನ ಸಾಕ್ಷ್ಯ ಗಟ್ಟಿಯಾಗಿರುವುದು ಈ ಮೂರರಲ್ಲಿ.

ಯಾರು ಮಾಡಿದರು, ಏಕೆ ಮಾಡಿದರು ಎಂಬ ಪ್ರಶ್ನೆಗಳಿಗೆ ಗುಂಪು ಉತ್ತರ ಕೊಡಹೊರಟರೆ ಏನಾಗುತ್ತದೆಂಬುದಕ್ಕೆ 2013ರ ಏಪ್ರಿಲ್‌ನ ಬಾಸ್ಟನ್ ಮ್ಯಾರಥಾನ್ ಸ್ಫೋಟ ಸಾಕ್ಷಿ. ರೆಡಿಟ್ ತಾಣದ ಬಳಕೆದಾರರು ಫೋಟೊಗಳನ್ನು ಜಾಲಾಡಿ, ಏನೂ ಸಂಬಂಧವಿಲ್ಲದವರನ್ನು ಶಂಕಿತರೆಂದು ಬೊಟ್ಟುಮಾಡಿದರು. ಆ ತಾಣ ಅನಂತರ ಕ್ಷಮೆ ಕೇಳಿತು. ಭಾರತದಲ್ಲಿ 2018ರಲ್ಲಿ ಮಕ್ಕಳ ಕಳ್ಳರ ಕುರಿತ ವಾಟ್ಸ್‌ಆ್ಯಪ್ ವದಂತಿಗಳಿಂದ ನಿರಪರಾಧಿಗಳು ಗುಂಪಿನ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಆ ವರ್ಷವೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳುಹಿಸಬಹುದಾದ ಮಿತಿ ಬಂತು, 2019ರಲ್ಲಿ ಅದು ಜಗತ್ತಿಗೆಲ್ಲ ವಿಸ್ತರಿಸಿತು, 2020ರ ಏಪ್ರಿಲ್‌ನಿಂದ ಜೋಡಿ ಬಾಣದ ಸಂದೇಶಗಳನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಬಹುದಾಯಿತು. ಸ್ಥಳೀಯ ಸುದ್ದಿಯಲ್ಲಿ ಹೆಸರು ಹೇಳುವುದು ಇನ್ನಷ್ಟು ಕ್ರೂರ, ಏಕೆಂದರೆ ಆರೋಪಕ್ಕೆ ಗುರಿಯಾದವರು ಮುಂದಿನ ಬೀದಿಯಲ್ಲೇ ಇರುತ್ತಾರೆ, ಅವರ ಮಕ್ಕಳು ನಿಮ್ಮ ಮಕ್ಕಳ ಶಾಲೆಯಲ್ಲೇ ಓದುತ್ತಿರುತ್ತಾರೆ. ದಯವಿಟ್ಟು ‘ಯಾರು’ ಎಂಬುದನ್ನು, ತಪ್ಪಿದರೆ ಕಾನೂನಿನ ಮುಂದೆ ಉತ್ತರಿಸಬೇಕಾದವರಿಗೆ ಬಿಡಿ. ಅಪಘಾತದ ಗಾಯಾಳುಗಳ ಚಿತ್ರವನ್ನು ಎಂದಿಗೂ ಹಾಕಬೇಡಿ. ಮನೆಯವರಿಗೆ ಆ ಸುದ್ದಿ ಗ್ರೂಪ್‌ನಿಂದ ತಿಳಿಯಬಾರದು.

ಹಾಗಿದ್ದರೆ ಕಂಡದ್ದನ್ನು ಬರೆಯುವುದು ಹೇಗೆ? ಒಂದು ಮಾದರಿ ಕೊಡುತ್ತೇನೆ: ‘ಜೂನ್ 14, ಬೆಳಿಗ್ಗೆ 7.20. ಹಳೆಯ ಸೇತುವೆಯ ಉತ್ತರ ತುದಿಯಲ್ಲಿ ನಾನೇ ನಿಂತು ನೋಡಿದಂತೆ, ತಡೆ ಇಟ್ಟು ವಾಹನಗಳನ್ನು ಹಿಂದಕ್ಕೆ ಕಳುಹಿಸುತ್ತಿದ್ದಾರೆ. ಕಾರಣ ನನಗೆ ತಿಳಿಯದು. ಸಂಜೆವರೆಗೂ ಹೀಗೇ ಇರುತ್ತದಂತೆ, ಇದು ಅಲ್ಲಿದ್ದ ಒಬ್ಬ ಚಾಲಕರ ಮಾತು.’ ಇಲ್ಲಿ ‘ಇಂದು’ ಎಂಬ ಮಾತಿಲ್ಲ, ದಿನಾಂಕವಿದೆ. ಕಂಡದ್ದು ಬೇರೆ, ಕೇಳಿದ್ದು ಬೇರೆಯಾಗಿ ನಿಂತಿವೆ. ‘ಅಂತೆ’ ತನ್ನ ಜಾಗದಲ್ಲಿದೆ. ಇದನ್ನು ಯಾರು ಎಷ್ಟು ದೂರ ಫಾರ್ವರ್ಡ್ ಮಾಡಿದರೂ ಹಾನಿ ಕಡಿಮೆ. ತಡೆ ತೆಗೆದ ಮೇಲೆ ಅದೇ ಸಂದೇಶಕ್ಕೆ ಉತ್ತರವಾಗಿ ‘10.05ಕ್ಕೆ ತೆರೆದಿದೆ’ ಎಂದು ಬರೆಯಬೇಕು. ಕಾಣೆಯಾದವರ ಪ್ರಕಟಣೆಗಳಲ್ಲಿ ಈ ಕೊನೆಯ ಹೆಜ್ಜೆ ಬಹುತೇಕ ತಪ್ಪಿಹೋಗುತ್ತದೆ. ಮಗು ಮನೆ ಸೇರಿ ವರ್ಷಗಳಾದ ಮೇಲೂ ಅದರ ಫೋಟೊ, ತಂದೆಯ ಫೋನ್ ಸಂಖ್ಯೆ ತಿರುಗುತ್ತಿರುತ್ತವೆ.

ಇನ್ನು ನಿಮ್ಮ ನಾಚಿಕೆಯ ವಿಷಯ. ಸೊರೂಶ್ ವೊಸೂಗಿ, ದೇಬ್ ರಾಯ್ ಮತ್ತು ಸಿನಾನ್ ಅರಾಲ್ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿದರು. ನಿಜ ಸುದ್ದಿ 1,500 ಜನರನ್ನು ತಲುಪಲು ಸುಳ್ಳು ಸುದ್ದಿಗಿಂತ ಸುಮಾರು ಆರು ಪಟ್ಟು ಸಮಯ ತೆಗೆದುಕೊಂಡಿತ್ತು. ಜಗತ್ತಿನ ಮಟ್ಟದಲ್ಲಿ ತಿದ್ದುಪಡಿ ತಪ್ಪಿನ ಬೆನ್ನು ಹಿಡಿಯುವುದು ಕಷ್ಟ. ನಿಮ್ಮ ಸ್ಥಿತಿ ಅಷ್ಟು ಕೈಮೀರಿಲ್ಲ: ಸಂದೇಶ ಯಾವ ನಾಲ್ಕು ಗ್ರೂಪ್‌ಗಳಿಗೆ ಹೋಯಿತೆಂದು ನಿಮಗೆ ಗೊತ್ತು, ಅವುಗಳಲ್ಲಿ ಇರುವವರು ನಿಮ್ಮ ನೆರೆಹೊರೆಯವರು. ಸಂದೇಶವನ್ನು ಅಳಿಸಿ ಸುಮ್ಮನಾಗಬೇಡಿ. ಎಲ್ಲರಿಗೂ ಕಾಣದಂತೆ ಅಳಿಸುವ ಅವಕಾಶ ಎರಡು ದಿನಗಳಿಗಿಂತ ತುಸು ಹೆಚ್ಚಿನ ಅವಧಿಯವರೆಗಷ್ಟೇ ಇರುತ್ತದೆ, ಅಷ್ಟರಲ್ಲಿ ಮುಂದಕ್ಕೆ ಹೋದ ಪ್ರತಿಗಳು ಅಳಿಯುವುದೂ ಇಲ್ಲ.

ಮೊದಲು ನೀರು ಪೂರೈಸುವ ಸಂಸ್ಥೆಗೆ ಕರೆ ಮಾಡಿ ಈ ಹೊತ್ತಿನ ಸ್ಥಿತಿಯನ್ನು ಕೇಳಿ, ಯಾವಾಗ ಕೇಳಿದಿರೆಂದು ಬರೆದುಕೊಳ್ಳಿ. ಅನಂತರ ಆ ನಾಲ್ಕೂ ಗ್ರೂಪ್‌ಗಳಿಗೆ ದಿನಾಂಕ ಹಾಕಿ, ನಿಜ ಸಂಗತಿಯನ್ನು ಮೊದಲಿಟ್ಟು ಬರೆಯಿರಿ: ಸಂಸ್ಥೆಯವರು ಇಷ್ಟು ಹೊತ್ತಿಗೆ ಹೀಗೆ ತಿಳಿಸಿದ್ದಾರೆ, ನಾನು ಇಂಥ ದಿನ ಕಳುಹಿಸಿದ ಸಂದೇಶ ಬೇರೆ ಊರಿನ ಹಳೆಯದು, ಪರಿಶೀಲಿಸದೆ ಕಳುಹಿಸಿದ್ದು ನನ್ನ ತಪ್ಪು. ಅಡ್ಮಿನ್‌ರನ್ನು ಕೇಳಿ ಅದನ್ನು ಕೆಲವು ದಿನ ಮೇಲೆ ಪಿನ್ ಮಾಡಿಸಿ. ಆ ಹಳೆಯ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರು ಇದನ್ನೂ ಅದೇ ಕಡೆಗಳಿಗೆ ಕಳುಹಿಸಬೇಕೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ.